ಸಮುದ್ರಕ್ಕೆ ಸರಿಯಾದ ಕಾಲ

ನಮ್ಮ ಮನೆಯಲ್ಲಿ ಪ್ರವಾಸದ ಮಾತು ಎತ್ತಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಅಟ್ಟದಿಂದ ಬ್ಯಾಗು ಇಳಿಸಿ ಧೂಳು ಕೊಡವುವಷ್ಟರಲ್ಲಿ ಶುರುವಾಗಿರುತ್ತದೆ. ಇದರಲ್ಲಿ ನನ್ನ ತಪ್ಪೆಷ್ಟು, ಲೋಕದ ತಪ್ಪೆಷ್ಟು ಅಂತ ನನ್ನ ಹೆಂಡತಿಯನ್ನು ಕೇಳಿದರೆ ಅವಳ ಹತ್ತಿರ ಉತ್ತರ ಸಿದ್ಧವಾಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದವನು. ಪಾಠ ಮಾಡಿದ್ದಕ್ಕಿಂತ ಹೆಚ್ಚಾಗಿ ಪರೀಕ್ಷೆಯಲ್ಲಿ ಕಾಪಿ ಹಿಡಿದು ಹೆಸರು ಮಾಡಿದವನು. ಕಾಲುಚೀಲ, ಜಾಮಿಟ್ರಿ ಬಾಕ್ಸು, ಅಂಗಿಯ ಕಾಲರು, ಎಲ್ಲ ಕಡೆಯಿಂದಲೂ ಚೀಟಿ ತೆಗೆದಿದ್ದೇನೆ. ಅರಕಲಗೂಡಿನ ಸೆಂಟರಿನಲ್ಲಿ ಒಮ್ಮೆ ಕೈ ಮುರಿದಿದೆ ಅಂತ ಬಂದ ಹುಡುಗನ ಬ್ಯಾಂಡೇಜು ಬಿಚ್ಚಿಸಿ ಒಳಗಿಂದ ಇಡೀ ಸಮಾಜ ವಿಜ್ಞಾನ ಹೊರಗೆಳೆದೆ. ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿದವನಿಗೆ, ಎದುರಿಗೆ ಯಾರು ನಿಂತರೂ ಇವನ ಜೇಬಿನಲ್ಲಿ ಏನಿದೆ ಅನ್ನಿಸುತ್ತದೆ. ಹೆಂಡತಿ ಇದನ್ನು ರೋಗ ಅಂತಾಳೆ. ನಾನು ಅನುಭವ ಅಂತೀನಿ.

ಮದುವೆಯಾದ ಹೊಸದರಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ. "ರೀ, ನಾನು ಸಮುದ್ರ ನೋಡಿಲ್ಲ. ಒಂದ್ಸಲ ತೋರಿಸ್ಕೊಂಡು ಬನ್ನಿ." ದೊಡ್ಡ ಕೇಳಿಕೆಯೇನಲ್ಲ. ಹಾಸನದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಘಾಟಿ ಇಳಿದರೆ ಮಧ್ಯಾಹ್ನಕ್ಕೆ ಮಂಗಳೂರು, ಅಲ್ಲಿಂದ ಸಮುದ್ರ. ನಾನು ಆಗಲಿ ಎಂದೆ. ಆದರೆ ಯಾವ ಕಾಲಕ್ಕೆ ಯಾವ ಊರು ಅಂತ ನೋಡಿ ಹೋಗಬೇಕು, ಸಿಕ್ಕಿದ ಕಾಲದಲ್ಲಿ ಸಿಕ್ಕಿದ ಊರಿಗೆ ಹೋಗುವುದು ಬುದ್ಧಿವಂತರ ಲಕ್ಷಣವಲ್ಲ ಎಂದೆ. ಅವಳು ನನ್ನನ್ನು ನಂಬಿದಳು. ಆಗ ಇನ್ನೂ ಹೊಸಬಳು.

ಬೇಸಿಗೆಗೆ ಬೆಟ್ಟ

ಬೇಸಿಗೆಯಲ್ಲಿ ಸಮುದ್ರಕ್ಕೆ ಹೋದರೆ ಬೆವರು ಒರೆಸಿಕೊಳ್ಳುವುದೇ ಕೆಲಸವಾಗುತ್ತದೆ. ಹಾಗಾಗಿ ಊಟಿ ಅಂತ ತೀರ್ಮಾನ ಮಾಡಿದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಮಗಳನ್ನು ಅರಕಲಗೂಡಿನಲ್ಲಿ ನಮ್ಮ ಅವ್ವನ ಹತ್ತಿರ ಬಿಟ್ಟು ಬಂದೆವು.

ಉಳಿದಿದ್ದು ಮನೆಯ ಚಿಂತೆ. ನಮ್ಮ ಬೀದಿಯಲ್ಲಿ ಅಲ್ಲಿಯತನಕ ಒಂದೂ ಕಳ್ಳತನವಾಗಿರಲಿಲ್ಲ. ನನಗೆ ಅನುಮಾನ ಬಂದಿದ್ದೇ ಅದರಿಂದ. ಇಷ್ಟು ವರ್ಷ ಆಗಿಲ್ಲ ಅಂದರೆ ಯಾವನೋ ಹೊಂಚು ಹಾಕಿಕೊಂಡು ಕೂತಿದ್ದಾನೆ ಅಂತ ತಾನೆ? ಅದಕ್ಕೆ ಮನೆಯಲ್ಲಿ ಜನ ಇದ್ದಾರೆ ಅನ್ನಿಸುವ ಹಾಗೆ ಏರ್ಪಾಡು ಮಾಡಿದೆ. ಮುಂಬಾಗಿಲಿಗೆ ಒಳಗಿಂದ ಚಿಲಕ. ಬಾಗಿಲ ಮುಂದೆ ಎರಡು ಜೊತೆ ಹಳೇ ಚಪ್ಪಲಿ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು, ರೇಡಿಯೊ ಹಾಡುತ್ತಿತ್ತು. ನಾವಿಬ್ಬರು ಹಿತ್ತಿಲ ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟೆವು. ಪಕ್ಕದ ಮನೆಯಲ್ಲಿ ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರರಿದ್ದರು, ಒಳ್ಳೆಯ ಮನುಷ್ಯರು. ಅವರಿಗೂ ಹೇಳಲಿಲ್ಲ. ಹೇಳಿದರೆ ಅವರಿಗೆ ಗೊತ್ತಾಗುತ್ತಲ್ಲ.

ಎರಡು ದಿನ ಊಟಿಯಲ್ಲಿದ್ದೆವು. ಮೂರನೆಯ ದಿನ ಕೆರೆಯ ದಡದಲ್ಲಿ ದೋಣಿ ಹತ್ತಲು ಒಂದು ಕಾಲು ಇಟ್ಟವನಿಗೆ ಹಿತ್ತಿಲ ಬೀಗ ಎಳೆದು ನೋಡಿದೆನೋ ಇಲ್ಲವೋ ಅನ್ನಿಸಿತು. ಇಟ್ಟ ಕಾಲು ತೆಗೆದೆ. ಸೀದಾ ಬಸ್ ಸ್ಟ್ಯಾಂಡು.

ಬಂದು ನೋಡಿದರೆ ಮನೆ ಮುಂದೆ ಜಾತ್ರೆಯಷ್ಟು ಜನ. ಆ ಬ್ಯಾಂಡೇಜು ಹುಡುಗನ ಅಪ್ಪ, ಅರಕಲಗೂಡು ಕಡೆಯ ರೈತ, ಮಗನ ವಿಚಾರ ಮಾತಾಡಲು ನಾವು ಹೊರಟ ದಿನವೇ ಬಂದಿದ್ದನಂತೆ. ಬಾಗಿಲು ತಟ್ಟಿದ್ದಾನೆ, ಯಾರೂ ತೆಗೆದಿಲ್ಲ. "ಮೇಷ್ಟ್ರು ಒಳ್ಗೇ ಅವ್ರೆ ಕಣ್ರಪ್ಪಾ. ಎಕ್ಕಡ ಇಲ್ಲೇ ಐತೆ, ರೇಡಿಯಾ ಆಡ್ತಾ ಐತೆ. ನನ್ ಮಕ ನೋಡಾಕೆ ಅವ್ರಿಗೆ ಇಷ್ಟ ಇಲ್ಲ" ಅಂತ ಜಗಲಿಯ ಮೇಲೆ ಕೂತುಬಿಟ್ಟಿದ್ದಾನೆ. ಒಂದು ದಿನ ಕಳೆಯಿತು. ಎರಡನೆಯ ದಿನವೂ ದೀಪ ಆರಲಿಲ್ಲ, ರೇಡಿಯೊ ನಿಲ್ಲಲಿಲ್ಲ. ಆಗ ಬೀದಿಯವರ ಅನುಮಾನ ಬೇರೆ ಕಡೆ ತಿರುಗಿತು. ಒಳಗೆ ಗಂಡ ಹೆಂಡತಿಗೆ ಏನೋ ಆಗಿದೆ ಅಂತ ರೆವಿನ್ಯೂ ಇನ್ಸ್‌ಪೆಕ್ಟರರು ಹಾರೆ ತರಿಸಿದರು. ಹಾರೆ ನನ್ನದೇ, ಅವರು ಹಿಂದೆ ಎರವಲು ಒಯ್ದಿದ್ದು.

ಬಾಗಿಲು ಬೀಳುವುದಕ್ಕೂ ನಾವು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಇನ್ಸ್‌ಪೆಕ್ಟರರು ಹಾರೆ ಹಿಡಿದುಕೊಂಡೇ, "ಓ, ನೀವು ಚೆನ್ನಾಗೇ ಇದೀರಾ?" ಎಂದರು. ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು ಅಂತ ನನ್ನ ಅನುಮಾನ.

ಮಾರನೆಯ ದಿನ ಬಂದ ಬಡಗಿ ಚೌಕಟ್ಟನ್ನು ಮೇಲಿಂದ ಕೆಳಗಿನ ತನಕ ನೋಡಿ ಹೇಳಿದ: "ಕಳ್ಳ ಆಗಿದ್ರೆ ಇಷ್ಟು ಆಳು ಮಾಡ್ತಿರ್ಲಿಲ್ಲ ಸಾ. ಅವನಿಗೆ ಕೆಲ್ಸ ಗೊತ್ತಿರ್ತದೆ."

ಮಳೆಗಾಲಕ್ಕೆ ಬಯಲು

ಮಳೆಗಾಲದಲ್ಲಿ ಘಾಟಿ ರಸ್ತೆಯನ್ನು ನಂಬುವ ಹಾಗಿಲ್ಲ. ಆದ್ದರಿಂದ ಮಳೆ ಕಮ್ಮಿ ಇರುವ ಕಡೆ ಹೋಗಬೇಕು. ಹೆಂಡತಿಯ ತವರು ಬಾಗೂರು ಇದಕ್ಕೆ ಹೇಳಿ ಮಾಡಿಸಿದ ಜಾಗ ಅಂತ ಆಷಾಢದಲ್ಲಿ ನಾಲ್ಕು ದಿನ ರಜ ಹಾಕಿದೆ. ತವರಿಗೆ ಹೋಗುವುದನ್ನು ಪ್ರವಾಸ ಅಂತ ಕರೆದವನು ನಾನೊಬ್ಬನೇ ಅಂತ ಅವಳು ಇವತ್ತಿಗೂ ಹೇಳುತ್ತಾಳೆ.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೆ ಅವಳ ಅಣ್ಣ ಬಂದಿದ್ದ. ತೆಂಗಿನ ತೋಟದ ಒಡೆಯ, ಮಾತು ಕಮ್ಮಿ.

"ಏನ್ ಬಾವ, ಆಸಾಡದಲ್ಲಿ ಬಂದ್ಬುಟ್ರಿ? ಏನ್ ಇಸೇಸ?"

"ವಿಶೇಷ ಏನಿಲ್ಲ. ಸುಮ್ನೆ, ಹವಾ ಬದಲಾಗಲಿ ಅಂತ."

"ಹವಾ" ಎಂದು ಅವನು ತಲೆ ಅಲ್ಲಾಡಿಸಿದ.

ಮೊದಲ ದಿನ ಹೋಳಿಗೆ. ಎರಡನೆಯ ದಿನ ನಾಟಿಕೋಳಿ ಸಾರು, ಮುದ್ದೆ. ಮೂರನೆಯ ದಿನ ಶಾವಿಗೆ, ಕಾಯಿಹಾಲು. ನನಗೆ ಅನುಮಾನ ಶುರುವಾಯಿತು. ಕರೆಯದೆ ಬಂದ ನೆಂಟನಿಗೆ ಇಷ್ಟು ಉಪಚಾರ ಯಾಕೆ? ಇವರ ಮಗ ಈ ವರ್ಷ ಹತ್ತನೇ ಕ್ಲಾಸು. ಪರೀಕ್ಷೆಯಲ್ಲಿ ಸ್ವಲ್ಪ ನೋಡ್ಕೊಳ್ಳಿ ಅಂತ ಕೇಳುತ್ತಾರೆ, ಅದಕ್ಕೆ ಈ ಕೋಳಿ. ಋಣ ಬೇಡ ಅಂತ ಎರಡನೇ ಸಲ ಬಡಿಸಲು ಬಂದಾಗೆಲ್ಲ ಎಲೆಗೆ ಕೈ ಅಡ್ಡ ಇಟ್ಟೆ.

ಹೊತ್ತು ಹೋಗದೆ ಸಂಜೆ ತೋಟ ಸುತ್ತುತ್ತಿದ್ದೆ. ಸಾಲಾಗಿ ನಿಂತಿರುವುದು ಏನು ಕಂಡರೂ ಎಣಿಸುವುದು ಪರೀಕ್ಷಾ ಕೊಠಡಿಯಿಂದ ಬಂದ ಅಭ್ಯಾಸ. ತೆಂಗಿನ ಮರ ಎಣಿಸಿದೆ. ಒಂದು ಸಲ ಬೆರಳು ಮಡಿಸಿಕೊಂಡು ಜೋರಾಗಿಯೇ ಎಣಿಸಿದೆ. ಕೊನೆಗೆ ಭಾವನನ್ನು ಕೇಳಿದೆ, "ಆ ಬದುವಿನ ತನಕ ನಿಮ್ದೇನಾ?" ಅವನ ಮುಖ ಸಣ್ಣದಾಯಿತು.

ನಾಲ್ಕನೆಯ ದಿನ ಊಟಕ್ಕೆ ಕೂತಾಗ ಪಕ್ಕದಲ್ಲಿ ಕಂಕುಳಲ್ಲಿ ಚೀಲ ಇಟ್ಟುಕೊಂಡ ಹೊಸ ಮನುಷ್ಯ. ಹುಡುಗನ ಟ್ಯೂಷನ್ ಮೇಷ್ಟ್ರು ಇರಬೇಕು, ಶಿಫಾರಸಿಗೆ ಬಂದಿದ್ದಾನೆ ಅಂದುಕೊಂಡೆ. ಅವನು ಕೈ ತೊಳೆದು ಚೀಲದಿಂದ ಛಾಪಾ ಕಾಗದ ತೆಗೆದ. ಊರಿನ ಪತ್ರ ಬರೆಯುವವನು. ಅಷ್ಟರಲ್ಲಿ ಅತ್ತೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಬಂದು ನನ್ನ ಮುಂದೆ ಕೂತರು.

"ಅಳಿಯಂದ್ರೆ, ನಿಮ್ಗೆ ನಾವೇನ್ ಕಮ್ಮಿ ಮಾಡುದ್ವಿ? ತ್ವಾಟ ಒಡೀಬ್ಯಾಡಿ. ಅವ್ಳ ಪಾಲಿಗೆ ಏನ್ ಕೊಡ್ಬೇಕೋ ಮಾತಾಡ್ಕಳಾನ."

ನಾನು ಹುಡುಗನ ಮಾರ್ಕ್ಸಿಗೆ ಹೆದರಿಕೊಂಡು ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದರೆ, ಅವರು ನಾಲ್ಕು ದಿನದಿಂದ ನಾನು ಹೆಂಡತಿಯ ಪಾಲು ಕೇಳಲು ಬಂದಿದ್ದೇನೆ ಅಂತ ಕೋಳಿ ಕೊಯ್ಯುತ್ತಿದ್ದರು. ನನ್ನ ಹೆಂಡತಿ ಒಳಗಿಂದ ಬಂದು ಇಬ್ಬರನ್ನೂ ನೋಡಿದಳು. "ನಂಗೆ ಪಾಲೂ ಬ್ಯಾಡ, ತ್ವಾಟಾನೂ ಬ್ಯಾಡ. ಯಾರಾದ್ರೂ ಒಂದ್ ಸಮುದ್ರ ತೋರಿಸ್ರಪ್ಪಾ" ಎಂದಳು.

ಎಲ್ಲರಿಗೂ ನಿರಾಳವಾಯಿತು. ಅನುಮಾನ ಪೂರ್ತಿ ತೀರಿತು ಅಂತ ನನಗೆ ಗೊತ್ತಾಗಿದ್ದು ಮಾತಿನಿಂದಲ್ಲ. ಆವತ್ತು ರಾತ್ರಿ ಊಟಕ್ಕೆ ಮಧ್ಯಾಹ್ನ ಉಳಿದ ಹುರುಳಿ ಸಾರು ಹಾಕಿದ್ದರು.

ಚಳಿಗಾಲಕ್ಕೆ ಬಸದಿ

ಡಿಸೆಂಬರಿನಲ್ಲಿ ನಮ್ಮ ಶಾಲೆಯ ಪ್ರವಾಸ. ಡ್ರಾಯಿಂಗ್ ಮೇಷ್ಟ್ರು ಒಂದು ವರ್ಷ ಮಕ್ಕಳಿಗೆ ಸಮುದ್ರ ತೋರಿಸೋಣ ಎಂದರು. ಎಲ್ಲರೂ ಕೈ ಎತ್ತಿದರು. ನಾನು ಎತ್ತಲಿಲ್ಲ. ಈ ಮನುಷ್ಯನಿಗೆ ಸಮುದ್ರದ ಮೇಲೆ ಇಷ್ಟು ಪ್ರೀತಿ ಯಾಕೆ? ಮಂಗಳೂರಿನಲ್ಲಿ ಇವರ ತಮ್ಮನ ಹೋಟೆಲ್ ಇರಬೇಕು. ವಿಚಾರಿಸಿದೆ, ತಮ್ಮನೇ ಇರಲಿಲ್ಲ. ಹಾಗಾದರೆ ಅಣ್ಣನದು ಇರಬೇಕು ಅಂದುಕೊಂಡೆ. ಹೊರಡುವ ಹಿಂದಿನ ಸಂಜೆ ಹೆಡ್ಮಾಸ್ಟರ ಮನೆಗೆ ಹೋಗಿ, ನೀರಿನ ಹತ್ತಿರ ಮಕ್ಕಳು, ನಾಳೆ ಏನಾದರೂ ಆದರೆ ಉತ್ತರ ಹೇಳುವವರು ನೀವು ಅಂತ ಹೆದರಿಸಿ ಶ್ರವಣಬೆಳಗೊಳ, ಜಿನನಾಥಪುರಕ್ಕೆ ಬದಲಾಯಿಸಿಬಿಟ್ಟೆ. ಬೆಳಗಿನ ಜಾವ ಬಸ್ಸು ಹೊರಟ ಮೇಲೆ ವಿಷಯ ತಿಳಿಸಿದೆ. ಬಸ್ಸಿನಲ್ಲಿ ಒಂದು ನಿಟ್ಟುಸಿರು ಎದ್ದಿತು.

ಮಕ್ಕಳು ಐವತ್ತೆರಡು, ನಾವು ಮೇಷ್ಟ್ರು ಟೀಚರುಗಳು ನಾಲ್ಕು ಜನ. ಒಟ್ಟು ಐವತ್ತಾರು. ಮನೆಯವರನ್ನು ಕರೆತರುವ ಹಾಗಿಲ್ಲ ಅಂತ ನಾನೇ ನಿಯಮ ಮಾಡಿಸಿದ್ದೆ. ಚನ್ನರಾಯಪಟ್ಟಣದಲ್ಲಿ ತಿಂಡಿಗೆ ನಿಲ್ಲಿಸಿದಾಗ ಎಣಿಸಿದೆ, ಐವತ್ತೇಳು. ಬೆಳಗೊಳದಲ್ಲಿ ಎಣಿಸಿದೆ, ಐವತ್ತೇಳು. ಬೇರೆ ಶಾಲೆಯವನೊಬ್ಬ ನುಸುಳಿದ್ದಾನೆ ಅಂತ ಜಿನನಾಥಪುರದ ಬಸದಿಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದೆ. ಐವತ್ತೆರಡು ಹೆಸರಿಗೂ ಸರಿಯಾಗಿ ಐವತ್ತೆರಡು 'ಎಸ್ ಸಾರ್' ಬಂತು.

ಬಸದಿ ನೋಡಿಕೊಳ್ಳುವ ಮುದುಕರು ಹತ್ತಿರ ಬಂದರು. "ಮಗು ಏನಾರ ಕಳೆದೋಗಿದೆಯಾ ಸಾ?"

"ಇಲ್ಲ. ಒಂದು ಹೆಚ್ಚಾಗಿದೆ."

"ಎಚ್ಚಾದ್ರೆ ಒಳ್ಳೇದೇ ಅಲ್ವಾ" ಎಂದು ಅವರು ಹೋದರು.

ಬಸದಿಯ ಹಿಂದೆ ಕಟ್ಟೆಯ ಮೇಲೆ ನಮ್ಮ ಶಾಲೆಯ ಹೊಲಿಗೆ ಟೀಚರ್ ಚಿತ್ರಾನ್ನ ತಿನ್ನುತ್ತಿದ್ದರು. ಪಕ್ಕದಲ್ಲಿ ಶಾಲು ಮುಸುಕು ಹಾಕಿಕೊಂಡ ಇನ್ನೊಂದು ಹೆಂಗಸು. ಬೆಳಿಗ್ಗೆಯಿಂದ ಹಿಂದಿನ ಸೀಟಿನಲ್ಲಿ ಕಂಡ ಶಾಲು. ಸಿಕ್ಕಿದಳು ಅಂದುಕೊಂಡು ಪರೀಕ್ಷಾ ಕೊಠಡಿಯ ದನಿಯಲ್ಲೇ ಕೇಳಿದೆ, "ಏನಮ್ಮಾ, ಯಾವ ಊರು ನಿಮ್ಮದು?"

ಹೆಂಗಸು ಮುಸುಕು ಸರಿಸಿದಳು. "ಹೊಳೆನರಸೀಪುರ. ಹೈಸ್ಕೂಲ್ ಮೇಷ್ಟ್ರ ಹೆಂಡ್ತಿ."

ಅರಕಲಗೂಡಿಗೆ ಅತ್ತೆಯನ್ನು ನೋಡಲು ಹೋಗುತ್ತೇನೆ ಅಂತ ಹೇಳಿದ್ದವಳು. "ಬಸ್ಸು ಸಮುದ್ರಕ್ಕೆ ಹೋಗ್ತದೆ ಅಂತ ಟೀಚರ್ ಅಂದ್ರು, ಹತ್ತಿದೆ. ಸಂಜೆ ನೀವು ಹೋಗಿ ಊರೇ ಬದಲಾಯ್ಸಿದ್ದು ನಂಗೇನು ಗೊತ್ತು?" ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಆವತ್ತು ನಿಜವಾಗಿಯೂ ನಾಚಿಕೆಯಾಯಿತು. "ಇನ್ನು ನಿಮ್ಮನ್ನ ಸಮುದ್ರ ಕೇಳಲ್ಲ ಬಿಡಿ" ಎಂದಳು. ಹಾಗೇ ನಡೆದುಕೊಂಡಳು.

ಹಿಂದಿರುಗಿ ನೋಡಿದರೆ ಮಕ್ಕಳೆಲ್ಲ ನಗು ನುಂಗಿಕೊಂಡು ನಿಂತಿದ್ದರು. ಎಲ್ಲರಿಗೂ ಬೆಳಗಿನಿಂದ ಗೊತ್ತು, ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ನನ್ನ ಇಡೀ ಸರ್ವಿಸ್ಸಿನಲ್ಲಿ ಅಷ್ಟು ದೊಡ್ಡ ಸಾಮೂಹಿಕ ನಕಲು ನಾನು ಕಂಡಿಲ್ಲ.

ಏಪ್ರಿಲ್ಲಿಗೆ ಹಾಸನ

ಏಪ್ರಿಲ್ ಬಂದರೆ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದಲು ಹಾಸನಕ್ಕೆ ಹೋಗಬೇಕು. ಹತ್ತು ಹನ್ನೆರಡು ದಿನ. ಬೇರೆಯವರು ದಿನಾ ಓಡಾಡುತ್ತಿದ್ದರು. ನನಗೆ ಬಸ್ಸಿನ ಮೇಲೆ ನಂಬಿಕೆ ಇಲ್ಲದ್ದರಿಂದ ಅಲ್ಲೇ ರೂಮು ಮಾಡಿಕೊಂಡು ಇರುತ್ತಿದ್ದೆ.

ಆದರೆ ಮನೆಯನ್ನು ಮರೆಯುವವನಲ್ಲ. ಮಗಳು ರಜೆಗೆ ಅವ್ವನ ಹತ್ತಿರ, ಮನೆಯಲ್ಲಿ ಹೆಂಡತಿ ಒಬ್ಬಳೇ. ದಿನಾ ಸಂಜೆ ಎಸ್‌ಟಿಡಿ ಬೂತಿನಿಂದ ರೆವಿನ್ಯೂ ಇನ್ಸ್‌ಪೆಕ್ಟರರ ಮನೆಗೆ ಫೋನ್ ಮಾಡುತ್ತಿದ್ದೆ. "ನಮ್ಮನೇಲಿ ದೀಪ ಉರೀತಿದೆಯಾ?" "ಉರೀತಿದೆ ಮೇಷ್ಟ್ರೇ." "ಅವಳನ್ನ ಸ್ವಲ್ಪ ಕರೀತೀರಾ?" "ಈಗ ತಾನೇ ಸ್ನಾನಕ್ಕೆ ಹೋದ್ರು." ಒಂದು ವರ್ಷ ಅವಳ ಸ್ನಾನದ ಮೇಲೇ ಅನುಮಾನ ಬಂದು, ಸ್ನೇಹಿತನೊಬ್ಬನ ಸ್ಕೂಟರಿನಲ್ಲಿ ಮಧ್ಯಾಹ್ನ ಹೇಳದೆ ಕೇಳದೆ ಬೀದಿಗೆ ಬಂದೆ. ಬಾಗಿಲ ಮುಂದೆ ಚಪ್ಪಲಿ ಇತ್ತು. ನಡುಮನೆಯಲ್ಲಿ ದೀಪ. ರೇಡಿಯೊ ಹಾಡುತ್ತಿತ್ತು. ಮನಸ್ಸು ತಣ್ಣಗಾಯಿತು. ಸ್ಕೂಟರ್ ಇಳಿಯದೆ ವಾಪಸ್ಸು ಹೋದೆ.

ಅದೇ ವರ್ಷ ಅಟ್ಟದ ಬ್ಯಾಗಿನ ತಳದಲ್ಲಿ ಒಂದು ಹಿಡಿ ಮರಳು ಸಿಕ್ಕಿತು. ನಿನ್ನ ಮರಳು ನಮ್ಮ ಮನೆಯೊಳಗೆ ಬಂದಿದೆ ಅಂತ ಎದುರುಮನೆ ಕಟ್ಟಿಸುತ್ತಿದ್ದವನ ಜೊತೆ ಜಗಳಕ್ಕೆ ನಿಂತೆ. ದೇವರ ಮನೆಯಲ್ಲಿ ಕುಂಕುಮದ ಬಟ್ಟಲಿನ ಜಾಗದಲ್ಲಿ ಒಂದು ಕಪ್ಪೆಚಿಪ್ಪು ಬಂದು ಕೂತಿತ್ತು. ಆಮೇಲೆ ಅರಿಶಿನಕ್ಕೆ ಒಂದು, ಅಕ್ಷತೆಗೆ ಒಂದು, ವರ್ಷಕ್ಕೊಂದರಂತೆ ಬಂದವು. ಎಲ್ಲಿಯದು ಅಂದರೆ ಸಂತೆಯದು ಎಂದಳು. ನಾನು ಬಿಡುತ್ತೇನೆಯೇ? ಒಂದೊಂದನ್ನೂ ಕೈಯಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಸಂತೆಯವನು ರೇಟಿನಲ್ಲಿ ಮೋಸ ಮಾಡಿದ್ದಾನೆ ಅಂತ ಖಂಡಿತವಾಗಿ ಹೇಳಿದೆ.

ಕೊನೆಗೂ ಸಮುದ್ರ

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ರಿಟೈರಾದೆ. ಮನೆಯಲ್ಲಿ ಕೂತು ಏನು ಮಾಡುವುದು? ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೆಂಡತಿ ಅವರೆಕಾಯಿ ಸುಲಿಯುತ್ತಾ ತಾನಾಗಿಯೇ ಹೇಳಿದಳು, "ಈ ಕಾಲದಲ್ಲಿ ಸಮುದ್ರ ಚೆನ್ನಾಗಿರ್ತದಂತೆ. ನಂಗಂತೂ ಬೇಡ ಬಿಡಿ."

ನನ್ನ ಕಿವಿ ನೆಟ್ಟಗಾಯಿತು. ಒಂದು ಕಾಲದಲ್ಲಿ ಸಮುದ್ರ ಸಮುದ್ರ ಅಂತ ಪ್ರಾಣ ತಿಂದವಳು ಈಗ ಬೇಡ ಅಂದರೆ ಏನರ್ಥ?

"ಯಾಕೆ ಬೇಡ?"

"ಸುಮ್ನೆ ಬೇಡ."

"ಸುಮ್ಮನೆ ಯಾರೂ ಬೇಡ ಅನ್ನಲ್ಲ ಕಣೆ. ಏನೋ ಇದೆ."

"ಏನಿಲ್ಲ. ಈ ವಯಸ್ನಲ್ಲಿ ಅಲ್ಲೀತನಕ ಯಾರು ಹೋಗ್ತಾರೆ. ನೀವೂ ಆ ಯೋಚ್ನೆ ಬಿಡಿ."

ಬಿಡಿ ಅಂದ ಮೇಲೆ ಬಿಡುವುದುಂಟೇ? ಮೂರನೆಯ ದಿನ ಬೆಳಿಗ್ಗೆ ಅವಳನ್ನು ಹೆಚ್ಚು ಕಮ್ಮಿ ಎಳೆದುಕೊಂಡೇ ಹಾಸನದಲ್ಲಿ ಮಂಗಳೂರಿನ ಬಸ್ಸು ಹತ್ತಿಸಿದೆ. ಮೊದಲ ಸಲ ಘಾಟಿ ಇಳಿಯುವವರು ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಾರೆ. ಇವಳು ನಿದ್ದೆ ಮಾಡಿದಳು. ವಯಸ್ಸಾಯಿತು ಪಾಪ ಅಂದುಕೊಂಡೆ. ಇಷ್ಟು ವರ್ಷ ತೋರಿಸಲಿಲ್ಲವಲ್ಲ ಅಂತ ಸಂಕಟವೂ ಆಯಿತು.

ಸಮುದ್ರದ ದಡದಲ್ಲಿ ನಿಂತು ಪಾಠ ಶುರು ಮಾಡಿದೆ. "ನೋಡು, ಹೆದರಬೇಡ. ನೀರು ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಜಾರುತ್ತೆ. ನನ್ನ ಕೈ ಹಿಡ್ಕೋ." ಹೇಳಿ ಮುಗಿಸುವಷ್ಟರಲ್ಲಿ ಅವಳು ಚಪ್ಪಲಿಯನ್ನು ಒಂದು ಚುರುಮುರಿ ಗಾಡಿಯ ಕೆಳಗೆ ತಳ್ಳಿ, ಸೀರೆ ಎತ್ತಿ ಸಿಕ್ಕಿಸಿ, ಅಲೆಗೆ ಅಡ್ಡಲಾಗಿ ತಿರುಗಿ, ಹಿಮ್ಮಡಿ ಊರಿ ನಿಂತಾಗಿತ್ತು. ಅಲೆ ಬಂತು, ಹೋಯಿತು. ಅವಳು ಅಲ್ಲಾಡಲಿಲ್ಲ. ಅಲೆಯ ಹೊಡೆತಕ್ಕೆ ನಾನು ನೀರಲ್ಲೇ ಕೂತುಬಿಟ್ಟೆ.

ಎದ್ದು ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಗುರುತಿಲ್ಲದ ಗಾಡಿಯವನನ್ನು ನಂಬಿ ಚಪ್ಪಲಿ ಬಿಡುವವನು ನಾನಲ್ಲ. ಅವನು ಅವಳ ಕಡೆ ನೋಡಿ ನಕ್ಕ.

"ಎಂತ ಅಕ್ಕ, ಈ ಸಲ ಬೇಗ ಬಂದದ್ದು? ಯಾವಾಗ್ಲೂ ಏಪ್ರಿಲ್ ಅಲ್ವಾ? ಹೊಲಿಗೆ ಟೀಚರ್ ಬರ್ಲಿಲ್ವಾ?" ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಅನುಮಾನದಿಂದ ಕೇಳಿದ, "ಇವರು ಯಾರು?"

ಅಲೆಯ ಸದ್ದು ಕಿವಿಗೆ ಬೀಳಲಿಲ್ಲ. ಏಪ್ರಿಲ್. ಬ್ಯಾಗಿನ ಮರಳು. ಕಪ್ಪೆಚಿಪ್ಪು. ಸಂಜೆ ಹೊತ್ತಿನ ಅವಳ ಸ್ನಾನ.

"ಎಷ್ಟು ಸಲ ಬಂದಿದೀಯ?"

"ಆ ಬಸದಿ ವರ್ಷದಿಂದ ಲೆಕ್ಕ ಹಾಕಿ. ನೀವು ಪೇಪರ್ ತಿದ್ದಕ್ಕೆ ಹೋದಾಗೆಲ್ಲ ಎರಡೆರಡು ದಿನ."

"ಮತ್ತೆ ದೀಪ? ರೇಡಿಯೊ? ಚಪ್ಪಲಿ?"

"ಇನ್ಸ್‌ಪೆಕ್ಟರು ನೋಡ್ಕೋತಿದ್ರು. ಉಪಾಯ ನಿಮ್ದೇ ಅಲ್ವಾ."

ಆ ಉಪಾಯಕ್ಕೆ ಯಾವ ಕಳ್ಳನಾದರೂ ಮೋಸ ಹೋದನೋ ಇಲ್ಲವೋ ಗೊತ್ತಿಲ್ಲ. ಮೋಸ ಹೋದವನು ನಾನು. ಸಿಟ್ಟು ಬಂತು, ಅವಮಾನವೂ ಆಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಮೊದಲ ಸಲ ಈ ನೀರು ನೋಡಿದಾಗ ಪಕ್ಕದಲ್ಲಿ ನಾನಿರಲಿಲ್ಲವಲ್ಲ ಅಂತ ದುಃಖವಾಯಿತು. ಕೈ ಸಡಿಲವಾಗಿ ಚಪ್ಪಲಿ ಕೆಳಗೆ ಬಿತ್ತು. ಅಲೆ ಬಂದು ಒಂದನ್ನು ಒಯ್ದಿತು. ಅವಳದು ಗಾಡಿಯ ಕೆಳಗೆ ಬೆಚ್ಚಗಿತ್ತು.

"ಒಂದು ಮಾತು ಹೇಳಬಾರದಾಗಿತ್ತೇನೇ" ಎಂದೆ.

"ಸಮುದ್ರಕ್ಕೆ ಯಾವ ಕಾಲ ಸರಿ ಅಂತ ನೀವು ಇಷ್ಟು ವರ್ಷ ಹುಡುಕ್ತಾನೇ ಇದ್ರಿ. ನಂಗೆ ಬೇಗ ಸಿಕ್ತು. ನೀವು ಮನೇಲಿಲ್ಲದ ಕಾಲ."

ನನಗೆ ಒಂದೇ ಸಮಾಧಾನ ಉಳಿದಿತ್ತು. ಈ ಸಲವಾದರೂ ಇವಳನ್ನು ಕರೆದುಕೊಂಡು ಬಂದವನು ನಾನು. ಅದನ್ನೇ ಹೇಳಿದೆ. "ಆಗಿದ್ದು ಆಯ್ತು. ಬೇಡ ಬೇಡ ಅಂದ್ರೂ ಬಿಡದೆ ನಾನು ತಾನೇ ನಿನ್ನನ್ನ ಇವತ್ತು ಎಳ್ಕೊಂಡು ಬಂದಿದ್ದು?"

ಅವಳು ಇನ್ನೊಂದು ಅಲೆಗೆ ಹಿಮ್ಮಡಿ ಊರಿಕೊಂಡು ನನ್ನ ಕೈ ಹಿಡಿದಳು.

"ಬೇಡ ಅನ್ನದಿದ್ರೆ ನೀವೆಲ್ಲಿ ಹೊರಡ್ತಿದ್ರಿ? ರಿಟೈರಾದ್ರಿ, ಇನ್ನು ನೀವು ಮನೆ ಬಿಟ್ಟು ಹೋಗೋ ಕಾಲ ಬರಲ್ಲ. ನಾನು ಸಮುದ್ರ ನೋಡ್ಬೇಕಲ್ಲ. ಅದಕ್ಕೇ ಈ ಸಲ ನಿಮ್ಮನ್ನೂ ಕರ್ಕೊಂಡು ಬಂದೆ."